ಕುಂಟುವ ಕಾಲಿನಲ್ಲಿ ಓಟಕ್ಕೆ ಇಳಿಯಬೇಕೆ?

ಇಂದು ನಿಮ್ಮ ಮುಂದೆ ಇಡುತ್ತಿರುವುದು ಮೇಲ್ನೋಟಕ್ಕೆ ಕ್ರೀಡಾಪುಟದ ಪ್ರಶ್ನೆ. ಆದರೆ ಮನೆಯಲ್ಲಿ ಬೆಳೆದ ಮಗನಿದ್ದರೆ, ಹರಕೆ ಹೊತ್ತ ತಾಯಿಯಿದ್ದರೆ, ಅದು ನಿಮ್ಮ ಅಡುಗೆಮನೆಯ ಬಾಗಿಲಿಗೂ ಬರುತ್ತದೆ. ಮೈ ಸಿದ್ಧವಾಗಿಲ್ಲ, ಕಾಲು ನೋಯುತ್ತಿದೆ, ಆದರೂ ಮಾತು ಕೊಟ್ಟಾಗಿದೆ. ಹೋಗಬೇಕೆ, ನಿಲ್ಲಬೇಕೆ?

ಟ್ರಯಥ್ಲಾನ್ ಎಂಬ ಸ್ಪರ್ಧೆಯ ಹೆಸರನ್ನು ನೀವು ಕೇಳಿರಬಹುದು. ಈಜು, ಸೈಕಲ್, ಓಟ ಇವು ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೊಂದು ಮುಗಿಸಬೇಕು. ಅದರ ಬಹು ಉದ್ದದ ರೂಪಗಳಲ್ಲಿ ಒಂದಾದ 'ಐರನ್‌ಮ್ಯಾನ್' ಮೊದಲು ನಡೆದದ್ದು 1978ರ ಫೆಬ್ರವರಿ 18ರಂದು, ಹವಾಯಿಯ ಓಹು ದ್ವೀಪದಲ್ಲಿ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದಾದ ಮೇಲೆ 42.2 ಕಿ.ಮೀ. ಓಟ. ಅಂದು ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಇದರ ಅರ್ಧದಷ್ಟು ದೂರದ ಸ್ಪರ್ಧೆ 2019ರಲ್ಲಿ ನಮ್ಮ ನೆರೆಯ ಗೋವೆಗೂ ಬಂತು. ಪಣಜಿಯ ಮಿರಾಮಾರ್ ಕಡಲಿನಲ್ಲಿ 1.9 ಕಿ.ಮೀ. ಈಜು, ನಂತರ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಎಲ್ಲವೂ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದಾಗ ಪತ್ರಿಕೆಗಳೆಲ್ಲ ಬರೆದವು.

ರಾಮದುರ್ಗದ ಒಬ್ಬ ಯುವಕ ಇದಕ್ಕೆ ಹೆಸರು ಕೊಟ್ಟಿದ್ದಾನೆ ಎಂದುಕೊಳ್ಳೋಣ. ಆಶ್ಚರ್ಯವೇನಿಲ್ಲ. ಪಕ್ಕದ ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಸೈಕಲ್ ಸವಾರರ ತವರು. ಖಾನಾಪುರ ದಾಟಿ ಘಟ್ಟ ಇಳಿದರೆ ಗೋವೆ. ಹುಡುಗ ಮಲಪ್ರಭೆಯಲ್ಲಿ, ತೋಟದ ಬಾವಿಯಲ್ಲಿ ಈಜು ಕಲಿತವನು; ಕಡಲ ತೆರೆಯಲ್ಲಿ ಎಂದೂ ಈಜಿದವನಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿತು, ಅಭ್ಯಾಸ ನಿಂತಿತು. ಮಗ್ಗದ ಕೆಲಸ ಹೆಚ್ಚಾಗಿ ಓಟವೂ ತಪ್ಪಿತು. ತಪ್ಪಿದ್ದನ್ನು ಒಂದೇ ವಾರದಲ್ಲಿ ತುಂಬಿಸಲು ಹೋಗಿ ಮೊಣಕಾಲು ಕೆಳಗಿನ ಎಲುಬಿನಲ್ಲಿ ನೋವು ಕಾಣಿಸಿತು. ಸ್ಪರ್ಧೆಗೆ ಉಳಿದಿರುವುದು ಹದಿನೈದು ದಿನ. ಶುಲ್ಕ ಕಟ್ಟಿಯಾಗಿದೆ, ಅದು ಸಣ್ಣ ಮೊತ್ತವಲ್ಲ. ಓಣಿಯವರಿಗೆಲ್ಲ ಗೊತ್ತಾಗಿದೆ. ಗೆಳೆಯ ಹೇಳುತ್ತಾನೆ: "ಏನೂ ಆಗೂದಿಲ್ಲೋ, ಒಂದು ಸೂಜಿ ಮಾಡಿಸ್ಕೊಂಡು ಹೋಗಿಬಿಡು."

ಈ ಸೂಜಿಯ ಮಾತನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಕಡೆ ಯಾವ ನೋವಿಗೂ ಮೊದಲು ನೆನಪಾಗುವುದು ಸೂಜಿಯೇ. ನೋವು ಅಡಗಿಸುವ ಔಷಧಿ ಗಾಯವನ್ನು ವಾಸಿ ಮಾಡುವುದಿಲ್ಲ, ಗಾಯದ ಬಾಯಿ ಮುಚ್ಚಿಸುತ್ತದೆ. ಎಲುಬಿನಲ್ಲಿ ಬಿದ್ದ ಕೂದಲೆಳೆಯ ಬಿರುಕು ವಿಶ್ರಾಂತಿ ಕೊಟ್ಟರೆ ಕೆಲವು ವಾರಗಳಲ್ಲಿ ಕೂಡುತ್ತದೆ; ಅದರ ಮೇಲೆಯೇ ಓಡಿದರೆ ಪೂರ್ತಿ ಮುರಿಯಬಹುದು. ಬಿಸಿಲಲ್ಲಿ ಗಂಟೆಗಟ್ಟಲೆ ಬೆವರಿ ನೀರು ಬತ್ತಿದ ದೇಹಕ್ಕೆ ಇಂಥ ಔಷಧಿ ಬಿದ್ದರೆ ಮೂತ್ರಪಿಂಡಗಳಿಗೆ ಪೆಟ್ಟು. ಅಭ್ಯಾಸವಿಲ್ಲದ ಸ್ನಾಯುಗಳನ್ನು ಮಿತಿ ಮೀರಿ ದುಡಿಸಿದರೆ ಅವು ಒಡೆದು ಕರಗಿ ರಕ್ತಕ್ಕೆ ಸೇರುತ್ತವೆ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ. ಆಗಲೂ ಹೊರೆ ಹೊರುವುದು ಅದೇ ಮೂತ್ರಪಿಂಡ. ಹಾಗೆಂದು ಸಿಕ್ಕಸಿಕ್ಕಲ್ಲಿ ನೀರು ಕುಡಿಯುತ್ತ ಹೋದರೂ ರಕ್ತದ ಉಪ್ಪಿನಂಶ ಇಳಿದು ಜೀವಕ್ಕೆ ಅಪಾಯ. ಇನ್ನೊಂದು ಮಾತು: ಈ ಸ್ಪರ್ಧೆಗಳಲ್ಲಿ ಸಾವುಗಳು ಹೆಚ್ಚಾಗಿ ಸಂಭವಿಸಿರುವುದು ಓಟದಲ್ಲಲ್ಲ, ಈಜಿನಲ್ಲಿ.

ಇಷ್ಟನ್ನೆಲ್ಲ ಹೇಳಿದರೆ ಹುಡುಗ ಕೇಳುತ್ತಾನೆ: "ಹಾಗಾದರೆ ನೋವಿಗೆ ಹೆದರಿ ಮನೆಯಲ್ಲಿ ಕೂತವರು ಯಾರು ಏನು ಸಾಧಿಸಿದ್ದಾರೆ?" ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಅವನ ಪಕ್ಷದಲ್ಲಿ ದೊಡ್ಡ ಸಾಕ್ಷಿಗಳಿದ್ದಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ದಾರಿಯಲ್ಲಿ ಬಿದ್ದು ಮೊಣಕಾಲಿಗೆ ಗಾಯ ಮಾಡಿಕೊಂಡರು. ಪಟ್ಟಿ ಕಟ್ಟಿಸಿಕೊಂಡು ಕುಂಟುತ್ತ, ಗೆದ್ದವನು ಬಂದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ, ಕತ್ತಲು ಕವಿದಿದ್ದ ಕ್ರೀಡಾಂಗಣಕ್ಕೆ ಕೊನೆಯವರಾಗಿ ಬಂದರು. ಅಂದು ಗೆದ್ದ ಮಾಮೊ ವೊಲ್ಡೆಗಿಂತ ಅಖ್ವಾರಿಯನ್ನೇ ಜಗತ್ತು ಹೆಚ್ಚು ನೆನೆಯುತ್ತದೆ. 1982ರ ಫೆಬ್ರವರಿಯಲ್ಲಿ ಹವಾಯಿಯ ಐರನ್‌ಮ್ಯಾನ್‌ನಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಓಡಿದಳು. ತನ್ನ ಓದಿನ ಪ್ರಬಂಧಕ್ಕೆಂದು ಹೆಸರು ಕೊಟ್ಟವಳು, ಇದು ಅವಳ ಮೊದಲ ಐರನ್‌ಮ್ಯಾನ್, ತರಬೇತಿಯೂ ಸಾಲದು. ಆದರೂ ಮಹಿಳೆಯರಲ್ಲಿ ಅವಳೇ ಮುಂದಿದ್ದಳು. ಗುರಿ ಕಣ್ಣಿಗೆ ಕಾಣುವ ದೂರದಲ್ಲಿ ಕಾಲು ಸೋತು ಕುಸಿದಳು, ಎದ್ದಳು, ಮತ್ತೆ ಕುಸಿದಳು. ಇನ್ನೊಬ್ಬಳು ದಾಟಿ ಹೋಗಿ ಗೆದ್ದಳು. ಜೂಲಿ ತೆವಳುತ್ತ ಬಂದು ಗುರಿ ಮುಟ್ಟಿದಳು, ಎರಡನೆಯವಳಾಗಿ, ಕೇವಲ 29 ಸೆಕೆಂಡು ತಡವಾಗಿ. ಟೆಲಿವಿಷನ್‌ನಲ್ಲಿ ಆ ದೃಶ್ಯ ನೋಡಿಯೇ ಸಾವಿರಾರು ಜನ ಈ ಆಟಕ್ಕೆ ಬಂದರು.

ನನಗೆ ಇವರಿಬ್ಬರ ಮೇಲೂ ಗೌರವವಿದೆ. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾರೆ. ಅಖ್ವಾರಿಗೆ ಗಾಯ ದಾರಿಯಲ್ಲಿ ಸಿಕ್ಕಿತು, ಮನೆಯಿಂದ ತಂದದ್ದಲ್ಲ. ಅವರು ಸಿದ್ಧರಾಗಿ ಹೊರಟವರು, ದೇಶ ಕಳಿಸಿದವರು. ಜೂಲಿ ಉಳಿದದ್ದು ಅರ್ಧ ಛಲದಿಂದ, ಅರ್ಧ ಅದೃಷ್ಟದಿಂದ. ಅವಳ ಕಥೆ ಕೇಳಿ ಹೊರಟ ಎಲ್ಲರಿಗೂ ಆ ಅದೃಷ್ಟ ಹಂಚಿಕೆಯಾಗಿಲ್ಲ. ನಮ್ಮ ಹುಡುಗನದು ಮೂರನೆಯ ಬಗೆ. ಅವನು ಗಾಯವನ್ನು ಕಂಡು, ಎಣಿಸಿ, ಬಟ್ಟೆಯಲ್ಲಿ ಮುಚ್ಚಿಕೊಂಡು ಹೊರಡುವವನು.

ನೋವು ಸಹಿಸಿದ ಮಾತ್ರಕ್ಕೆ ಕೆಲಸ ದೊಡ್ಡದಾಗುವುದಿಲ್ಲ ಎಂಬುದಕ್ಕೆ ಲೊಯೋಲದ ಸಂತ ಇಗ್ನಾಸಿಯವರ ಜೀವನವೇ ಉದಾಹರಣೆ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ಕೂಡಿಸಿದ ಮೇಲೆ ಒಂದು ಎಲುಬು ಗೂನಾಗಿ ಎದ್ದು ಕಾಣುತ್ತಿತ್ತು. ಆಗ ಫ್ಯಾಷನ್ನಿನಲ್ಲಿದ್ದ ಬೂಟು ಹಾಕಿದರೆ ಚೆಂದ ಕಾಣುವುದಿಲ್ಲವೆಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು, ಅರಿವಳಿಕೆಯೇ ಇಲ್ಲದ ಕಾಲದಲ್ಲಿ. ಆ ಸಹನೆ ಅಸಾಮಾನ್ಯವೇ. ಆದರೆ ಅದು ಬೂಟಿಗಾಗಿ! ಮುಂದೆ ಮನಸ್ಸು ತಿರುಗಿ ಮಾನ್ರೇಸದಲ್ಲಿ ಅತಿಯಾದ ಉಪವಾಸ, ದಂಡನೆಗಳಿಂದ ಆರೋಗ್ಯ ಕೆಡಿಸಿಕೊಂಡರು. ಹೊಟ್ಟೆಯ ಬಾಧೆ ಜೀವನವಿಡೀ ಉಳಿಯಿತು. ಅದಕ್ಕೇ ತಮ್ಮ ಸಭೆಯವರಿಗೆ ಅವರು ದೇಹವನ್ನು ಮಿತವಾಗಿ ನಡೆಸಿಕೊಳ್ಳಲು ಹೇಳಿದರು. ಮೊದಲ ಸಲ ಲೋಕದ ಮೆಚ್ಚುಗೆಗಾಗಿ, ಎರಡನೆಯ ಸಲ ದೇವರ ಹೆಸರಿನಲ್ಲಿ. ಕೆಟ್ಟದ್ದು ಮಾತ್ರ ಎರಡು ಸಲವೂ ಅದೇ ದೇಹ.

ಸಂತ ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನ ಮಾತು ಬರುತ್ತದೆ. ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಡವೇ ಎಂದು ಯೇಸುಸ್ವಾಮಿ ಕೇಳುತ್ತಾರೆ. ಗಮನಿಸಿ, ಆ ಸಾಮತಿಯಲ್ಲಿ ಜನ ನಗುವುದು ಲೆಕ್ಕವಿಲ್ಲದೆ ಬುನಾದಿ ಹಾಕಿ ಕೈಬಿಟ್ಟವನನ್ನು ನೋಡಿ. ನಮ್ಮ ಓಣಿಗಳಲ್ಲಿ ಲೆಕ್ಕ ಉಲ್ಟಾ. ಲೆಕ್ಕ ಹಾಕಿ "ಈ ವರ್ಷ ಬೇಡ" ಎಂದವನನ್ನೇ ನೋಡಿ ನಗುತ್ತೇವೆ. ಹುಡುಗ ಹೆದರುವುದು ಮೊಣಕಾಲಿಗಲ್ಲ, ನಮ್ಮ ನಗುವಿಗೆ. ತಂದೆತಾಯಿಗಳೇ, "ಹೆಸರು ಕೊಟ್ಟು ಹಿಂದೆ ಸರಿದೆಯಾ?" ಎಂದು ಊಟದ ಹೊತ್ತಿನಲ್ಲಿ ನೀವು ಹಗುರವಾಗಿ ಆಡುವ ಮಾತಿಗೆ ಎಷ್ಟು ತೂಕವಿದೆಯೆಂದು ನಿಮಗೆ ತಿಳಿದಿರಲಿ.

ಈಗ ಹರಕೆಯ ಮಾತು. ಯುಗಾದಿಗೆ ಮುಂಚೆ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಯ ಸಾವಿರಾರು ಜನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದನ್ನು ನೀವು ನೋಡಿದ್ದೀರಿ. ರಾಮದುರ್ಗದಿಂದ ನಾಲ್ಕು ನೂರು ಕಿಲೊಮೀಟರಿಗೂ ಹೆಚ್ಚು ದಾರಿ, ಕೊನೆಗೆ ನಲ್ಲಮಲದ ಕಾಡು. ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ನಮ್ಮವರೂ ವೇಳಾಂಗಣಿಗೆ, ಹಳೇ ಗೋವೆಗೆ ನಡೆಯುತ್ತಾರೆ. ಅಂಗಾಲಿನ ಬೊಬ್ಬೆ ಒಡೆದು ರಕ್ತ ಬಂದರೂ ನಿಲ್ಲದವರನ್ನು ಕಂಡಾಗ ಭಕ್ತಿಯಿಂದ ತಲೆಬಾಗುತ್ತೇವೆ. ಆದರೆ ಸಕ್ಕರೆ ಕಾಯಿಲೆಯಿರುವ ಅರವತ್ತು ದಾಟಿದ ತಾಯಿ, ಸ್ಪರ್ಶವೇ ತಿಳಿಯದ ಪಾದದಲ್ಲಿ, "ಹರಕೆ ತಪ್ಪಿದರೆ ಕೇಡಾದೀತು" ಎಂದು ಬರಿಗಾಲಿನಲ್ಲಿ ಹೊರಟರೆ ಏನು ಹೇಳುತ್ತೀರಿ?

ಧರ್ಮಸಭೆಯ 1983ರ ಕಾನೂನು ಸಂಹಿತೆ ಇಲ್ಲಿ ಸ್ಪಷ್ಟವಾಗಿದೆ, ಅನೇಕರಿಗೆ ಮಾತ್ರ ತಿಳಿದಿಲ್ಲ. ಹರಕೆಯ ವಿಷಯ ಒಳ್ಳೆಯದಾಗಿದ್ದರೆ ಸಾಲದು, ಸಾಧ್ಯವಾದದ್ದೂ ಆಗಿರಬೇಕು ಎನ್ನುತ್ತದೆ 1191ನೆಯ ವಿಧಿ. ಹರಕೆಯ ವಿಷಯವೇ ಮೂಲತಃ ಬದಲಾಗಿ ಹೋದರೆ ಅದರ ಬಂಧನ ಕಳಚುತ್ತದೆ. ನ್ಯಾಯವಾದ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳು ಖಾಸಗಿ ಹರಕೆಯಿಂದ ಬಿಡುಗಡೆ ನೀಡಬಲ್ಲರು. ಅಷ್ಟೇ ಅಲ್ಲ, ಹರಕೆ ಹೊತ್ತವರೇ ಅದನ್ನು ಅಷ್ಟೇ ಒಳ್ಳೆಯ ಅಥವಾ ಇನ್ನೂ ಒಳ್ಳೆಯ ಕೆಲಸಕ್ಕೆ ಬದಲಿಸಿಕೊಳ್ಳಬಹುದು. ದೇವರಿಗೆ ಕೊಟ್ಟ ಮಾತಿಗೇ ಇಷ್ಟು ಅವಕಾಶವಿರುವಾಗ, ಸ್ಪರ್ಧೆಯ ಸಂಘಟಕರಿಗೆ ಕೊಟ್ಟ ಹೆಸರು ಅದಕ್ಕಿಂತ ಬಿಗಿಯಾದ ಬಂಧನವೇ?

ಇಲ್ಲಿ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ಸೊಂಟ ಹಿಡಿದರೂ ಮಗ್ಗದ ಮುಂದೆ ಕೂರುವ ನೇಕಾರರಿದ್ದಾರೆ, ಜ್ವರದಲ್ಲೂ ಕಬ್ಬು ಕಡಿಯುವ ಗ್ಯಾಂಗಿನವರಿದ್ದಾರೆ. "ದೇಹ ದೇವರ ಕೊಡುಗೆ, ವಿಶ್ರಾಂತಿ ಕೊಡಿ" ಎಂದು ಅವರಿಗೆ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಬೇಕಾದದ್ದು ಉಪದೇಶವಲ್ಲ, ಕೂಲಿ. ನಾನು ಕೇಳುತ್ತಿರುವುದು ನಿಲ್ಲುವ ಸ್ವಾತಂತ್ರ್ಯ ಇರುವವರನ್ನು. ಅದೇ ಹುಡುಗ ನಾಳೆ ಮೂತ್ರಪಿಂಡ ಕೆಡಿಸಿಕೊಂಡು ಬಂದರೆ ಮನೆಯ ಮಗ್ಗಕ್ಕೆ ಕೂರುವವರು ಯಾರು? ಚಿಕಿತ್ಸೆಗೆ ಅಡವಾಗುವುದು ಯಾರ ಕೊರಳಿನ ಬಂಗಾರ? ದೇಹ ತನ್ನೊಬ್ಬನದೇ ಎಂದು ಅವನು ಹೇಳಬಹುದು. ಅವನ ತಾಯಿಯನ್ನು ಕೇಳಿ ನೋಡಿ.

ಹಾಗಾದರೆ ಹದಿನೈದು ದಿನ ಉಳಿದಿರುವಾಗ ಮಾಡುವುದೇನು? ಮೊದಲು ಎಲುಬಿನ ವೈದ್ಯರಿಗೆ ತೋರಿಸಲಿ, ಸೂಜಿಯವರಿಗಲ್ಲ. ಬರೀ ಸ್ನಾಯುವಿನ ಬಿಗಿತವಾಗಿದ್ದು, ಕಡಲಿನಲ್ಲಿ ಈಜಿದ ಅನುಭವವೂ ಇದ್ದರೆ, ವೈದ್ಯರ ಒಪ್ಪಿಗೆಯ ಮೇಲೆ ಹೋಗಲಿ, ನಡುವೆ ನಿಲ್ಲಬೇಕಾದೀತೆಂದು ಮನೆಯಲ್ಲಿ ಹೇಳಿಯೇ ಹೋಗಲಿ. ಎಲುಬಿನಲ್ಲಿ ಬಿರುಕು ಕಂಡರೆ ಸೈಕಲ್ಲು ಗೋಡೆಗೆ ಒರಗಲಿ. ಕೊಂಡ ರೈಲಿನ ಟಿಕೆಟ್ಟು ವ್ಯರ್ಥವಾಗಬೇಕಿಲ್ಲ. ಅಂಥ ಸ್ಪರ್ಧೆಗಳ ದಾರಿಯುದ್ದಕ್ಕೂ ನೀರು, ಬಾಳೆಹಣ್ಣು ಹಿಡಿದು ನಿಲ್ಲುವ ಸ್ವಯಂಸೇವಕರು ಬೇಕಾಗುತ್ತಾರೆ. ಶ್ರೀಶೈಲದ ದಾರಿಯಲ್ಲೂ ಹಾಗೆಯೇ. ಊರೂರಿನವರು ಪೆಂಡಾಲು ಹಾಕಿ ಮಜ್ಜಿಗೆ, ರೊಟ್ಟಿ ಕೊಡುತ್ತಾರೆ, ಗುರುತಿಲ್ಲದವರ ಪಾದಕ್ಕೆ ಎಣ್ಣೆ ತಿಕ್ಕುತ್ತಾರೆ. ಆ ಪೆಂಡಾಲಿನಲ್ಲಿ ಕೂತ ಕೆಲವರು ಒಂದು ಕಾಲದಲ್ಲಿ ತಾವೇ ನಡೆದವರು.