ಸುಳ್ಳು ಕೆಂಪು, ಸುಳ್ಳು ಹಸಿರು

ಕೆಟ್ಟದ್ದನ್ನು ಸರಿಪಡಿಸುವುದು ಬೇರೆ. ಕೆಟ್ಟಿದೆ ಎಂದು ಹೇಳುವ ಬಾಯಿಯನ್ನು ಮುಚ್ಚುವುದು ಬೇರೆ. ಎರಡರಿಂದಲೂ ಗದ್ದಲವೇನೋ ನಿಲ್ಲುತ್ತದೆ. ಆದ್ದರಿಂದಲೇ ನಾವು ಇವೆರಡನ್ನೂ ಒಂದೇ ಎಂದು ಭ್ರಮಿಸುವುದುಂಟು. ಈ ಭ್ರಮೆಯ ಕುರಿತು ನನ್ನನ್ನು ಯೋಚನೆಗೆ ಹಚ್ಚಿದ್ದು ಒಂದು ಆಟಿಗೆಯ ರೈಲು.

ನಮ್ಮ ಕಾರಟಗಿಗೆ ರೈಲು ಬಂದದ್ದು ತೀರ ಈಚೆಗೆ. 1997-98ರಲ್ಲಿ ಮಂಜೂರಾದ ಗಿಣಿಗೇರಾ–ಮೆಹಬೂಬನಗರ ಮಾರ್ಗ ತೆವಳುತ್ತ ತೆವಳುತ್ತ ಗಂಗಾವತಿ, ಕಾರಟಗಿಗಳನ್ನು ದಾಟಿ ಸಿಂಧನೂರನ್ನು ಮುಟ್ಟಿದ್ದು 2024ರಲ್ಲಿ. ಭತ್ತದ ಗದ್ದೆ, ಅಕ್ಕಿ ಗಿರಣಿಗಳ ನಡುವೆ ಗಾಡಿ ಕೂಗತೊಡಗಿದ ಮೇಲೆ ಮಕ್ಕಳಿಗೆ ರೈಲಿನ ಹುಚ್ಚು ಹಿಡಿಯದೆ ಇದ್ದೀತೆ? ನಮ್ಮಣ್ಣನ ಮಗ ಹಲಗೆಯ ಮೇಲೆ ಪುಟ್ಟ ಹಳಿ ಜೋಡಿಸಿ, ಒಂದು ಕವಲನ್ನೂ ಇಟ್ಟು, ವಿದ್ಯುತ್ತಿನ ರೈಲು ಓಡಿಸುತ್ತಾನೆ. ಗಾಡಿ ನೆಟ್ಟಗಿನ ಹಳಿಯಲ್ಲಿ ಠೀವಿಯಿಂದ ಸಾಗುತ್ತದೆ. ಕವಲಿಗೆ ಬಂದೊಡನೆ ಒಂದು ಕಿಡಿ, ಎಲ್ಲವೂ ಸ್ತಬ್ಧ. ವಿದ್ಯುತ್ತು ಕೊಡುವ ಡಬ್ಬಿ ತಾನಾಗಿ ಕೈ ಬಿಡುತ್ತದೆ.

"ಕಾಕಾ, ಇದಕ್ಕಿಂತ ದೊಡ್ಡ ಡಬ್ಬಿ ಹಾಕಿದ್ರ ನಿಲ್ಲೂದಿಲ್ಲಲ್ಲ?" ಎಂದು ಕೇಳಿದ.

ಹುಡುಗನನ್ನು ನಗುವುದು ಬೇಡ. ಫ್ಯೂಸು ಮೇಲಿಂದ ಮೇಲೆ ಹೋದರೆ ದಪ್ಪ ತಂತಿ ಕಟ್ಟುವ ದೊಡ್ಡವರು ಯಾವ ಊರಿನಲ್ಲಿಲ್ಲ? ದೀಪ ಉರಿಯುತ್ತದೆ, ಸಂತೋಷ. ಗೋಡೆಯೊಳಗೆ ತಂತಿ ಕಾಯುತ್ತಿರುವುದು ಯಾರಿಗೂ ಕಾಣದು.

ಆಟಿಗೆಯ ರೈಲಿನಲ್ಲಿ ಒಂದು ಹಳಿ ಧನ, ಇನ್ನೊಂದು ಋಣ. ನೆಟ್ಟಗಿನ ದಾರಿಯಲ್ಲಿ ಇವು ಒಂದನ್ನೊಂದು ಮುಟ್ಟುವ ಪ್ರಮೇಯವೇ ಇಲ್ಲ. ಕವಲಿನಲ್ಲಿ ಮಾತ್ರ ಒಂದು ದಾರಿಯ ಹಳಿ ಇನ್ನೊಂದರ ಹಳಿಯನ್ನು ಅಡ್ಡ ಹಾಯಬೇಕು. ಧನ ಋಣಗಳೆರಡೂ ಒಂದು ಚೂಪಾದ ಮೂಲೆಯಲ್ಲಿ ಕೂದಲೆಳೆಯ ಅಂತರಕ್ಕೆ ಬರುತ್ತವೆ. ಲೋಹದ ಗಾಲಿ ಕೊಂಚ ಅಗಲವಾಗಿದ್ದರೆ ಎರಡನ್ನೂ ಒಮ್ಮೆಗೇ ಮುಟ್ಟುತ್ತದೆ. ಅದೇ ಶಾರ್ಟು. ಡಬ್ಬಿಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೇ ಕೈಯಿಂದ ಮೆಲ್ಲಗೆ ತಳ್ಳಿ, ಕಿಡಿ ಹಾರುವ ಜಾಗವನ್ನು ಹುಡುಕಬೇಕು. ಸಿಕ್ಕ ಮೇಲೆ ಮದ್ದು ಸುಲಭ: ಆ ಮೂಲೆಯ ಹಳಿಗೆ ಉಗುರಿಗೆ ಹಚ್ಚುವ ಬಣ್ಣದ ಒಂದು ತೆಳು ಲೇಪ. ಕೆಲಸ ನಿಮಿಷದ್ದು, ಹುಡುಕಾಟ ಸಂಜೆಯದು. ದೊಡ್ಡ ಡಬ್ಬಿ ತಂದಿದ್ದರೆ ಹುಡುಕಾಟ ಉಳಿಯುತ್ತಿತ್ತು, ಹಳಿ ಕರಗುತ್ತಿತ್ತು.

ಆಟಿಗೆಯಲ್ಲಿ ದೋಷವಾದ ಈ ಶಾರ್ಟೇ ನಿಜವಾದ ರೈಲಿನಲ್ಲಿ ಕಾವಲುಗಾರ ಎಂಬುದು ಸೋಜಿಗ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಎಂಬಾತ ಹಳಿಗಳಲ್ಲಿ ಸಣ್ಣ ವಿದ್ಯುತ್ತನ್ನು ಸದಾ ಹರಿಯಬಿಡುವ ಏರ್ಪಾಡಿಗೆ ಹಕ್ಕುಪತ್ರ ಪಡೆದ. ಗಾಡಿ ಬಂದರೆ ಅದರ ಗಾಲಿ, ಅಚ್ಚುಗಳೇ ಎರಡು ಹಳಿಗಳನ್ನು ಕೂಡಿಸಿ ಶಾರ್ಟು ಮಾಡುತ್ತವೆ. ಹಿಂದಿನ ದೀಪ ಕೆಂಪಾಗುತ್ತದೆ. ತಂತಿ ಕಡಿದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ಸಂದೇಹ ಬಂದರೆ ನಿಲ್ಲು ಎಂಬುದೇ ಅದರ ಧರ್ಮ.

ಇದಕ್ಕೆ ಬೆಲೆಯಿಲ್ಲವೆಂದಲ್ಲ. ಕಾರಣವಿಲ್ಲದೆ ಬಿದ್ದ ಕೆಂಪು ದೀಪದಿಂದ ಸಾವಿರ ಜನಕ್ಕೆ ತಡವಾಗುತ್ತದೆ, ಅವರು ಬೈಯುತ್ತಾರೆ, ಬೈಗಳು ತಿಂದವನಿಗೆ ಹೇಗಾದರೂ ಹಸಿರು ಮಾಡಿಬಿಡುವ ಆಸೆ ಹುಟ್ಟುತ್ತದೆ. ಆದರೆ ಸುಳ್ಳು ಕೆಂಪಿನಿಂದ ವೇಳೆ ಹೋಗುತ್ತದೆ. ಸುಳ್ಳು ಹಸಿರಿನಿಂದ ಜೀವ ಹೋಗುತ್ತದೆ. 2023ರ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಯ ಹಸಿರು ಕಂಡಿತ್ತು. ಕವಲು ಮಾತ್ರ ಪಕ್ಕದ ಹಳಿಗೆ ತಿರುಗಿತ್ತು, ಅಲ್ಲಿ ಸರಕು ಗಾಡಿ ನಿಂತಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ಲಿನ ತಂತಿಗಳ ಕೆಲಸದಲ್ಲಾದ ಲೋಪವೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡಿತು.

ಮನೆಯಲ್ಲಿ, ಕಚೇರಿಯಲ್ಲಿ, ಸಂಘ ಸಂಸ್ಥೆಗಳಲ್ಲಿ ನಮಗೆ ಕೆಂಪು ದೀಪಗಳಾಗಿರುವವರು ಉಂಟು. ಲೆಕ್ಕ ಕೂಡುತ್ತಿಲ್ಲ ಎನ್ನುವ ಗುಮಾಸ್ತ, ಸೊಸೆ ಸೊರಗುತ್ತಿದ್ದಾಳೆ ಎನ್ನುವ ನೆರೆಯಾಕೆ, ಎಲ್ಲಕ್ಕೂ ಮಿಗಿಲಾಗಿ ನಮ್ಮದೇ ಅಂತಃಸಾಕ್ಷಿ. ಇವರೆಲ್ಲ ಸದಾ ಸರಿಯೆಂದು ನಾನು ಹೇಳಲಾರೆ. ಬರಿದೆ ಕೊಂಕು ತೆಗೆಯುವವರೂ ಇದ್ದಾರೆ. ಆದರೆ ಅದು ಹಳಿಯನ್ನು ನೋಡಿ ಬಂದ ಮೇಲೆ ಆಡಬೇಕಾದ ಮಾತು, ನೋಡುವ ಮುಂಚೆ ಅಲ್ಲ.

ನೆಟ್ಟಗಿನ ದಾರಿಯಲ್ಲಿ ಯಾರೂ ಸಜ್ಜನರೇ. ದಾರಿ ಎರಡಾಗುವಲ್ಲಿ, ಲಾಭವೂ ನ್ಯಾಯವೂ ಕೂದಲೆಳೆಯಷ್ಟು ಹತ್ತಿರ ಬರುವಲ್ಲಿ, ಕಿಡಿ ಹಾರುತ್ತದೆ. ಆಗ ನಿಲ್ಲುವ ಗಾಡಿ ಕೆಟ್ಟ ಗಾಡಿಯಲ್ಲ. ನಿಲ್ಲಲಾರದಂತೆ ಮಾಡಿಕೊಂಡ ಗಾಡಿಗೇ ಹೆದರಬೇಕು.