ಯಾರ ಫೋಟೊ ಇಡಬೇಕು?

ಅಕ್ಟೋಬರ್ ಕೊನೆಗೆ ಮೆಕ್ಸಿಕೊದ ಪುಎಬ್ಲಾ ರಾಜ್ಯದ ಅಟ್ಲಿಸ್ಕೊ ಊರಿನ ಸುತ್ತಲ ಹೊಲಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಸೆಂಪಾಸೂಚಿಲ್ ಕೊಯ್ಲಿನ ಕಾಲ ಅದು. ನಮ್ಮಲ್ಲಿ ಆಯುಧಪೂಜೆಗೆ ಬಸ್ಸು ಲಾರಿಗಳ ಮೂತಿಗೆ ಕಟ್ಟುವ ಚೆಂಡು ಹೂವೇ ಇದು. ಅದರ ತವರು ಮೆಕ್ಸಿಕೊ; ಹಡಗು ಹತ್ತಿ ನಮ್ಮ ಕಡೆಗೆ ಬಂದದ್ದು ಆಮೇಲೆ. ಅಲ್ಲಿ ಅದು ಸತ್ತವರ ಹೂವು. ಆ ಬಣ್ಣ, ಆ ಘಾಟು ಹಿಡಿದು ಅವರು ಮನೆಯ ದಾರಿ ಕಂಡುಕೊಳ್ಳುತ್ತಾರೆಂದು ನಂಬಿಕೆ. ಅಲ್ಲಿನ ಸತ್ತವರ ಹಬ್ಬದಲ್ಲಿ ನವೆಂಬರ್ 1 ಎಳೆಯ ವಯಸ್ಸಿನಲ್ಲೇ ತೀರಿಕೊಂಡವರಿಗೆ, 2 ದೊಡ್ಡವರಿಗೆ.

ಆ ಊರಿನಲ್ಲೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜಿ ನಡುಮನೆಯಲ್ಲಿ ಒಫ್ರೆಂಡಾ, ಅಂದರೆ ಸತ್ತವರಿಗೆ ಎಡೆ ಇಡುವ ಪೀಠ, ಕಟ್ಟುತ್ತಿದ್ದಾಳೆ. ಮೇಜಿನ ಮೇಲೆ ಪೆಟ್ಟಿಗೆಗಳನ್ನು ಪೇರಿಸಿ ಮೂರು ಮೆಟ್ಟಿಲು ಮಾಡಿ, ಬಿಳಿ ಬಟ್ಟೆ ಹೊದಿಸಿದ್ದಾಳೆ. ಅಂಚಿಗೆ ಬಣ್ಣದ ಕಾಗದದ ತೋರಣ. ಅದೇ ರಾಜ್ಯದ ಸಾನ್ ಸಾಲ್ವದೋರ್ ವಿಸ್ಕೊಲೊತ್ಲಾದ ಕುಶಲಕರ್ಮಿಗಳು ಉಳಿಯಿಂದ ಕೊರೆದದ್ದು. ಒಂದು ಲೋಟ ನೀರು, ಬಟ್ಟಲಲ್ಲಿ ಉಪ್ಪು, ಮೇಣದಬತ್ತಿ, ಕೊಪಾಲ್ ಧೂಪ, ತಾತನ ಫೋಟೊ. ರಾಜಧಾನಿಯಲ್ಲಿ ತತ್ತ್ವಶಾಸ್ತ್ರ ಓದುವ ಮೊಮ್ಮಗಳು ಹೂವಿನ ಎಸಳು ಬಿಡಿಸುತ್ತ ಕೂತಿದ್ದಾಳೆ. ಸುಮ್ಮನೆ ಕೂತಿಲ್ಲ.

“ತಾತ ಹೋಗಿದ್ದೇ ಸಕ್ಕರೆ ಕಾಯಿಲೆಯಿಂದ. ನೀನು ನೋಡಿದ್ರೆ ಸಕ್ಕರೆ ಮೆತ್ತಿದ ಬ್ರೆಡ್ಡು, ಕೋಕಾಕೋಲಾ ಎಲ್ಲ ಇಡ್ತಿದ್ದೀಯ.”

“ಬದುಕಿದ್ದಾಗ ಕೈಯಿಂದ ಕಿತ್ತುಕೊಳ್ತಿದ್ದೆ. ಇನ್ನು ಕುಡಿದರೆ ಏನಾಗುತ್ತೆ?”

“ಅಂದ್ರೆ ರುಚಿ ನೋಡೋಕೆ ನಾಲಿಗೆ ಇದೆ, ಕಾಯಿಲೆ ಬರೋಕೆ ಮೈ ಇಲ್ಲ. ಇದ್ಯಾವ ತರ್ಕ ಅಜ್ಜಿ?”

“ನಾಲಿಗೆ ಅಂತ ಯಾರು ಹೇಳಿದ್ರು? ಅವರು ತಗೊಳ್ಳೋದು ಘಮ, ಸಾರ ಅಷ್ಟೇ. ನಾಡಿದ್ದು ಈ ಬ್ರೆಡ್ಡು ತಿಂದು ನೋಡು, ಸಪ್ಪೆ ಅನ್ನಿಸುತ್ತೆ.”

“ಎರಡು ದಿನ ಹೊರಗಿಟ್ಟ ಬ್ರೆಡ್ಡು ಯಾವುದಾದ್ರೂ ಸಪ್ಪೆಯೇ.”

“ಹೌದು ಮತ್ತೆ. ನೀನೂ ಸರಿ, ನಾನೂ ಸರಿ. ಆ ಬತ್ತಿ ಈ ಕಡೆ ಕೊಡು.”

ಇದನ್ನು ಅಜ್ಜಿಯ ಮುಗ್ಧತೆ ಎಂದುಕೊಂಡರೆ ಮೋಸಹೋದಂತೆ. ಸೋಲದೆ, ಗೆಲ್ಲದೆ ವಾದ ಮುಂದುವರಿಸುವುದು ಅವಳಿಗೆ ಚೆನ್ನಾಗಿ ಗೊತ್ತು. ಮೊಮ್ಮಗಳು ಇತಿಹಾಸದ ಕಡೆಗೆ ಹೊರಳಿದಳು. ಹಬ್ಬಕ್ಕೆ ಅಜ್ಟೆಕರ ಕಾಲದ ಬೇರಿದೆ ಎಂಬ ಮಾತನ್ನು ಎಲ್ಸಾ ಮಾಲ್ವಿದೊ ಎಂಬ ಮೆಕ್ಸಿಕನ್ ಇತಿಹಾಸಕಾರ್ತಿ ಒಪ್ಪಲಿಲ್ಲ. ಇದು ಯುರೋಪಿನಿಂದ ಬಂದ ಕ್ಯಾಥೊಲಿಕ್ ಆಚರಣೆ, 20ನೇ ಶತಮಾನದ ರಾಷ್ಟ್ರೀಯವಾದ ಅದಕ್ಕೆ ಅಜ್ಟೆಕ್ ವೇಷ ತೊಡಿಸಿತು ಎಂದು ವಾದಿಸಿದರು. ಈ ಹಬ್ಬಕ್ಕೆ ರಾಜಧಾನಿಯಲ್ಲಿ ನಡೆಯುವ ಮೆರವಣಿಗೆಯ ಕಥೆಯಂತೂ ಇನ್ನೂ ತಮಾಷೆ. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ಗಾಗಿ ಇಲ್ಲದ ಮೆರವಣಿಗೆಯೊಂದನ್ನು ಹುಟ್ಟಿಸಿದರು, ಮರುವರ್ಷ ನಗರವೇ ಅದನ್ನು ನಿಜವಾಗಿ ನಡೆಸಿತು.

“ಬ್ರೆಡ್ಡಿನ ಗೋಧಿ ಸ್ಪೇನಿನವರು ತಂದದ್ದು,” ಎಂದಳು ಅಜ್ಜಿ. “ಮೋಲೆ ಸಾರಿಗೆ ಹಾಕಿದ ಎಳ್ಳು, ಚಕ್ಕೆ ಯಾವ ಹಡಗಲ್ಲಿ ಬಂತೋ. ಹೂವು, ಮೆಣಸಿನಕಾಯಿ ಇಲ್ಲಿಯವು. ಆದ್ರೆ ನಿನ್ನ ತಾತ ಈ ಮನೆಯವನು ಕಣೇ. ನಾನು ಇಡ್ತಿರೋದು ಅವನಿಗೆ, ಇತಿಹಾಸಕ್ಕಲ್ಲ.”

ಮೊಮ್ಮಗಳಿಗೆ ಬೇಕಿದ್ದ ಎಳೆ ಸಿಕ್ಕಿತು. “ನಾನೂ ಅದನ್ನೇ ಹೇಳ್ತಿರೋದು. ಇದಕ್ಕೆ ಪರಲೋಕದ ನಂಬಿಕೆಯೇ ಬೇಕಾಗಿಲ್ಲ. ‘ಸತ್ತವರು’ ಅಂತ ಒಟ್ಟಾರೆ ಯಾರಿಗೂ ಇಡೋಕಾಗಲ್ಲ, ಒಬ್ಬೊಬ್ಬರಿಗೇ ಇಡಬೇಕು. ತಾತ ಯಾವ ಸಿಗರೇಟು ಸೇದ್ತಿದ್ದ, ಖಾರ ಎಷ್ಟು ತಡೀತಿತ್ತು ಅನ್ನೋದು ಗೊತ್ತಿರಬೇಕು. ಒಬ್ಬ ಮನುಷ್ಯನ ಬಗ್ಗೆ ನಮಗೆ ಎಷ್ಟು ಗೊತ್ತು ಅಂತ ವರ್ಷಕ್ಕೊಂದು ಸಲ ಪರೀಕ್ಷೆ ಬರೆದ ಹಾಗೆ. ಅವನು ಬಂದ್ರೂ ಸರಿ, ಬರದಿದ್ರೂ ಸರಿ.”

“ಗೊತ್ತಿರೋದೇ ಮುಖ್ಯ ಅನ್ನೋದಾದ್ರೆ ಬದುಕಿರೋರಿಗೆ ಯಾಕೆ ಇಡಲ್ಲ?”

“ಇಡಬಹುದಲ್ಲ.” ಅವಳು ಎಸಳು ಬಿಡಿಸುವುದನ್ನು ನಿಲ್ಲಿಸಿದಳು. “ಚಿಕ್ಕಪ್ಪನ ಫೋಟೊ ಇಡು ಹಾಗಾದ್ರೆ.”

ಅಜ್ಜಿಯ ಕಿರಿಮಗ ಕೆಲಸಕ್ಕೆಂದು ಹೋದವನು ಮನೆಗೆ ಮರಳಿಲ್ಲ. ಮೆಕ್ಸಿಕೊದಲ್ಲಿ ಇದು ಅಪರೂಪದ ಕಥೆಯಲ್ಲ. ನಾಪತ್ತೆಯಾದವರ ಸಂಖ್ಯೆ ಸರ್ಕಾರಿ ದಾಖಲೆಯಲ್ಲೇ 2022ರ ಮೇ ತಿಂಗಳಲ್ಲಿ 1 ಲಕ್ಷ ದಾಟಿತು. 2014ರ ಸೆಪ್ಟೆಂಬರ್ 26ರ ರಾತ್ರಿ ಇಗುವಾಲಾದಲ್ಲಿ ಅಯೊತ್ಸಿನಾಪಾ ಶಿಕ್ಷಕರ ತರಬೇತಿ ಶಾಲೆಯ 43 ವಿದ್ಯಾರ್ಥಿಗಳು ಕಣ್ಮರೆಯಾದರು. ಜೀವಂತವಾಗಿ ಒಯ್ದ ಮಕ್ಕಳನ್ನು ಜೀವಂತವಾಗಿಯೇ ಹಿಂದಿರುಗಿಸಿ ಎಂದು ತಂದೆತಾಯಿಯರು ಬೀದಿಗಿಳಿದರು. ಇಂಥ ಮನೆಗಳಿಗೆ ನವೆಂಬರ್ ಬಂದರೆ ಒಂದು ಕ್ರೂರ ಪ್ರಶ್ನೆ ಎದುರಾಗುತ್ತದೆ. ಒಫ್ರೆಂಡಾದ ಮೇಲೆ ಫೋಟೊ ಇಟ್ಟರೆ ಸಾವನ್ನು ಒಪ್ಪಿದಂತೆ. ಇಡದಿದ್ದರೆ, ಅವನು ಸತ್ತೇ ಇದ್ದ ಪಕ್ಷದಲ್ಲಿ, ಹಸಿದು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿದಂತೆ.

“ಅವನ ಫೋಟೊ ಅಲ್ಲಿಟ್ಟರೆ ಪೊಲೀಸರು ಮಾಡದ ತೀರ್ಪು ನಾನು ಮಾಡಿದ ಹಾಗಾಗುತ್ತೆ,” ಎಂದಳು ಅಜ್ಜಿ.

“ನೆನಪಿಗೆ ಅಂತಷ್ಟೇ ಇಡು.”

“ನೆನಪಿಗೆ ಆ ಗೋಡೆ ಮೇಲಿದೆಯಲ್ಲ. ಅಲ್ಲಿ ನೇತುಹಾಕಿದ್ದನ್ನ ಇಲ್ಲಿ ತಂದಿಟ್ಟರೆ ಏನೂ ಬದಲಾಗಲ್ಲ ಅಂತೀಯಾ?”

ಬದಲಾಗುತ್ತದೆ. ಎರಡು ಮಾರು ದೂರಕ್ಕೆ ಒಂದು ಫೋಟೊ ಸರಿಸುವುದರಿಂದ ಯಾವುದೋ ಗೆರೆ ದಾಟಿದಂತಾಗುವುದಾದರೆ, ಈ ಮೇಜು ಬರೀ ನೆನಪಿನ ಕಪಾಟಲ್ಲ. ಮೊಮ್ಮಗಳ ವಾದ ಮುರಿದದ್ದು ಇಲ್ಲಿ, ಅದೂ ಅವಳದೇ ಸಲಹೆಯಿಂದ. ಆದರೂ ಬಿಡಲಿಲ್ಲ. ಕೇಳುವವರಿಲ್ಲದ ಅನಾಥ ಆತ್ಮಕ್ಕೆಂದು ಒಂದು ಬತ್ತಿ ಬೇರೆಯಾಗಿ ಹಚ್ಚುವ ಪದ್ಧತಿ ಅಲ್ಲಿದೆ. ಹೆಸರಿಲ್ಲ, ಫೋಟೊ ಇಲ್ಲ, ತೀರ್ಪೂ ಇಲ್ಲ. ಅದನ್ನು ಅವನ ಪಾಲಿಗೆ ಅಂದುಕೊಳ್ಳಬಹುದಲ್ಲ ಎಂದಳು.

“ಅವನಿಗೆ ಯಾರೂ ಇಲ್ವಾ?” ಅಜ್ಜಿಯ ದನಿ ಮೊದಲ ಸಲ ಗಡುಸಾಯಿತು. “ನಾನಿಲ್ವಾ?”

ಬಹಳ ಹೊತ್ತಿನ ಮೇಲೆ ಹುಡುಗಿ ಕೇಳಿದಳು: “ನಿನ್ನ ಕಾಲ ಆದಮೇಲೂ ಅವನ ಸುದ್ದಿ ಸಿಗದಿದ್ರೆ? ಆಗ ಈ ಮೇಜು ನಾನು ಕಟ್ಟಬೇಕು. ನಾನೇನು ಮಾಡಲಿ?”

“ಅಲ್ಲಿ ಹೋಗಿ ಮೊದಲು ಹುಡುಕ್ತೀನಿ. ಸಿಗದಿದ್ರೆ ಬದುಕಿದ್ದಾನೆ ಅಂತ ಅರ್ಥ, ಫೋಟೊ ಇಡಬೇಡ.”

“ಅದು ನಂಗೆ ಗೊತ್ತಾಗೋದು ಹೇಗೆ?”

“ಅಷ್ಟು ಓದಿದ್ದೀಯಲ್ಲ, ಅದನ್ನ ನೀನೇ ಯೋಚನೆ ಮಾಡು.”