ಕೇಳಿ ಪಡೆದದ್ದು ದಾಸೋಹವಾದೀತೆ?



ಜತ್ತ, ಅಕ್ಕಲಕೋಟ ಭಾಗದ ಸದ್ಭಕ್ತರ ಮನೆಗಳಲ್ಲಿ ಕಿಡ್ನಿಯ ಮಾತು ಈಗ ಹೊಸದಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆಂದು ಸೊಲ್ಲಾಪುರಕ್ಕೋ ಮಿರಜಿಗೋ ಬಸ್ಸು ಹತ್ತುವವರನ್ನು ನಾವೆಲ್ಲ ಬಲ್ಲೆವು. ಅಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ, ಕಿಡ್ನಿ ಕೊಡುವವರು ಯಾರು? ಕೊಡುವುದು ದಾಸೋಹವೆಂದು ಎಲ್ಲರೂ ಒಪ್ಪುತ್ತಾರೆ. ಕೇಳುವುದು ಏನು ಎಂಬುದನ್ನು ಮಾತ್ರ ನಾವು ವಿಚಾರ ಮಾಡುವುದಿಲ್ಲ.

ಮೊದಲು ಆ ಅಂಗದ ಕಾಯಕವನ್ನು ತಿಳಿಯೋಣ. ಬೆನ್ನೆಲುಬಿನ ಎಡಬಲಕ್ಕೆ, ಪಕ್ಕೆಲುಬುಗಳ ಕೆಳಗೆ, ಮುಷ್ಟಿಗಾತ್ರದ ಎರಡು ಪಿಂಡಗಳು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳು. ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ರಕ್ತಕ್ಕೇ ಮರಳಿಸಿ, ಒಂದೂವರೆ ಎರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಗೆ ಕಳಿಸುತ್ತವೆ. ತಮಗೆಂದು ಏನನ್ನೂ ಕೂಡಿಡದ ಕಾಯಕಜೀವಿಗಳಿವು! ರಕ್ತದೊತ್ತಡವನ್ನು ಹದದಲ್ಲಿಡುವುದು, ಹೊಸ ರಕ್ತಕಣಗಳು ಹುಟ್ಟುವಂತೆ ಪ್ರೇರಿಸುವುದು ಸಹ ಇವುಗಳದೇ ಕೆಲಸ. ಸಕ್ಕರೆ ಕಾಯಿಲೆ, ಬಿ.ಪಿ. ಹಿಡಿತ ತಪ್ಪಿದರೆ ಸದ್ದಿಲ್ಲದೆ ಕೆಡುತ್ತವೆ. ಕಾಲು ಮುಖ ಬಾತು, ಊಟ ಸೇರದೆ ವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಬಹುಪಾಲು ಶಕ್ತಿ ಹೋಗಿರುತ್ತದೆ. ಪೂರ್ತಿ ಕೈಕೊಟ್ಟ ಮೇಲೆ ಡಯಾಲಿಸಿಸ್, ಇಲ್ಲವೆ ಇನ್ನೊಬ್ಬರ ಕಿಡ್ನಿ.

ಆರೋಗ್ಯವಂತರು ಒಂದೇ ಕಿಡ್ನಿಯಿಂದಲೂ ಬಾಳಬಲ್ಲರು. 1954ರ ಡಿಸೆಂಬರಿನಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ರೊನಾಲ್ಡ್ ಹೆರಿಕ್ ಎಂಬುವನ ಕಿಡ್ನಿಯನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಕಸಿ ಮಾಡಿದರು. ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅದು. ರೋಗವಿಲ್ಲದವನ ದೇಹಕ್ಕೆ ಕತ್ತರಿ ಹಾಕಬಹುದೆ ಎಂದು ವೈದ್ಯರು ಮೊದಲೇ ಧರ್ಮಗುರುಗಳನ್ನೂ ಕಾನೂನು ಬಲ್ಲವರನ್ನೂ ಕೇಳಿದ್ದರು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ರಿಚರ್ಡ್ ಸಹೋದರನಿಗೆ ಚೀಟಿ ಬರೆದು, ನೀನು ಮನೆಗೆ ಹೊರಟುಹೋಗು ಎಂದನಂತೆ. ಹೋಗುವುದಿಲ್ಲವೆಂದು ಉತ್ತರ ಬಂತು. ರಿಚರ್ಡ್ ಮತ್ತೆ ಎಂಟು ವರ್ಷ ಬಾಳಿದ. ಕೊಟ್ಟವನು 2010ರವರೆಗೂ ಇದ್ದ.

ನನಗೆ ಆ ಕಸಿಗಿಂತ ಆ ಚೀಟಿಯೇ ದೊಡ್ಡದೆನಿಸುತ್ತದೆ. ಸಾವಿನ ಅಂಚಿನಲ್ಲಿದ್ದವನು ಕೊಡುವವನಿಗೆ ಬಾಗಿಲು ತೆರೆದಿಟ್ಟ. ನಮ್ಮಲ್ಲಿ ಹಾಗಿದೆಯೆ? ಈ ದೇಶದಲ್ಲಿ ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ತಾಯಿಯಾಗಲಿ ಮಡದಿಯಾಗಲಿ ತಾವಾಗಿ ಮುಂದೆ ಬಂದರೆ ಅದಕ್ಕೆ ಕೈಮುಗಿಯಬೇಕು. ಆದರೆ ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು ಸೊಸೆಯನ್ನು ಕರೆದು, “ಏನವ್ವಾ, ನೀ ಏನಂತಿ?” ಎಂದರೆ ಆಕೆ ಏನೆಂದಾಳು? ಒಲ್ಲೆ ಎನ್ನಲು ಎಡೆಯಿಲ್ಲದ ಕಡೆ ಹೂಂ ಎಂಬುದು ಒಪ್ಪಿಗೆಯಲ್ಲ. ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಲಕ್ಕಮ್ಮನ ಪರಂಪರೆ ನಮ್ಮದು. ಅಕ್ಕಿಗೇ ಅಷ್ಟು ನಿಷ್ಠುರವಿದ್ದರೆ ಅಂಗಕ್ಕೆ ಎಷ್ಟಿರಬೇಕು? 1994ರ ಕಾಯ್ದೆ ಅಂಗದ ಮಾರಾಟವನ್ನು ತಡೆಯುತ್ತದೆ. ಮನೆಯೊಳಗಿನ ಒತ್ತಾಯವನ್ನು ಯಾವ ಕಾಯ್ದೆ ಪೂರ್ತಿ ತಡೆದೀತು? ಆದ್ದರಿಂದ ಆಕೆಯೊಡನೆ ವೈದ್ಯರು ಒಬ್ಬಳನ್ನೇ ಕೂಡಿಸಿಕೊಂಡು ಮಾತಾಡಲಿ. ಬೇಡವೆಂದರೆ ಯಾರೂ ಕಾರಣ ಕೇಳದಿರಲಿ.

ಇನ್ನೊಂದು ದಾರಿಯಿದೆ. ಮೆದುಳು ಸತ್ತಿದೆಯೆಂದು ವೈದ್ಯರು ದೃಢಪಡಿಸಿದ ಮೇಲೆ, ಮನೆಯವರು ಒಪ್ಪಿದರೆ, ಒಬ್ಬರ ಎರಡು ಕಿಡ್ನಿಗಳು ಇಬ್ಬರನ್ನು ಉಳಿಸಬಲ್ಲವು. ಅಂಗ ತೆಗೆದ ದೇಹಕ್ಕೆ ಸಮಾಧಿ ಕ್ರಿಯೆ ಸಲ್ಲುವುದೆ ಎಂದು ನಮ್ಮವರು ಅಳುಕುತ್ತಾರೆ. ದೇಹವನ್ನು ಹೊಲಿದೇ ಒಪ್ಪಿಸುತ್ತಾರೆ. ವಿಭೂತಿ ಧರಿಸಿ, ಕುಳ್ಳಿರಿಸಿ ಕ್ರಿಯೆ ಮಾಡಲು ಅಡ್ಡಿಯಿಲ್ಲ. ಮಣ್ಣು ಸೇರುವ ಅಂಗವನ್ನು ಕೊಡಲು ಅಳುಕುವ ನಾವು, ಬದುಕಿ ಬಾಳಬೇಕಾದ ಸೊಸೆಯ ಅಂಗವನ್ನು ಕೇಳಲು ಅಳುಕದಿರುವುದು ವಿಚಿತ್ರವೇ ಸರಿ.

ಗಡಿಯವರಿಗೆ ತಿಳಿದಿರಬೇಕಾದ ಒಂದು ಮಾತು. ಮೃತರ ಅಂಗಕ್ಕಾಗಿ ಹೆಸರು ಬರೆಸಲು ಆಯಾ ರಾಜ್ಯದ ವಾಸಿಯೇ ಆಗಿರಬೇಕೆಂಬ ಷರತ್ತನ್ನು ತೆಗೆಯುವಂತೆ ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಆಧಾರ್ ಚೀಟಿಯಲ್ಲಿ ಮಹಾರಾಷ್ಟ್ರದ ವಿಳಾಸವಿದ್ದವರೂ ಕರ್ನಾಟಕದ ಕಸಿ ಆಸ್ಪತ್ರೆಗಳಲ್ಲಿ ವಿಚಾರಿಸಿ ನೋಡಬಹುದು.